ನೆರಳುಗೊಂಬೆ ಎಲ್ಲರೂ ಕುಣಿಸುವಂತಾಗಬೇಕು: ಕ್ಯಾಮೆರಾ, ಸೆನ್ಸರ್ ಇರುವ ಕಲೆ ಯಾರ ಕೈಗೆ ಸಿಗುತ್ತದೆ?

ನೆರಳಾಟ, ಮೈಸೂರು

ನಮಸ್ಕಾರ. ನಾವು ನಾಲ್ಕೈದು ಜನ ಸ್ನೇಹಿತರು ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ದೊಡ್ಡ ಬಿಳಿ ಪರದೆ, ಅದರ ಹಿಂದೆ ಪ್ರೊಜೆಕ್ಟರ್, ಪರದೆಯ ಕೆಳಗೆ ಒಂದು ವೆಬ್‌ಕ್ಯಾಮ್. ಬಂದವರು ಮುಂದೆ ನಿಂತು ಕೈ ಆಡಿಸಿದರೆ ಪರದೆ ಮೇಲೆ ತೊಗಲುಗೊಂಬೆಯ ನೆರಳು ಕುಣಿಯುತ್ತದೆ. ಮಂಡ್ಯ ಕಡೆಯ ಗೊಂಬೆಗಳ ಫೋಟೊ ತೆಗೆದು, ತಲೆ, ತೋಳು, ಕಾಲು ಬೇರೆ ಬೇರೆ ಮಾಡಿ ಕಂಪ್ಯೂಟರಿಗೆ ಹಾಕಿದ್ದೇವೆ. ಕೈ ಗುರುತಿಸೋಕೆ ಗೂಗಲ್‌ನ ಮೀಡಿಯಾಪೈಪ್. ಅದು ಒಂದೊಂದು ಕೈಯಲ್ಲೂ 21 ಬಿಂದು ಹಿಡಿಯುತ್ತದೆ. ಬ್ರೌಸರ್‌ನಲ್ಲೇ ಓಡುತ್ತದೆ, ಹಳೇ ಲ್ಯಾಪ್‌ಟಾಪ್ ಸಾಕು. ಚಿತ್ರದ ಕೆಲಸ ಎಲ್ಲ ಕೋಡ್ ಬರೆದು ಚಿತ್ರ ಮೂಡಿಸುವ ಪಿ5 ಜೆಎಸ್‌ನಲ್ಲಿ.

ಸದ್ಯಕ್ಕೆ ಇದು ನಿಂತುಕೊಂಡು, ಪರದೆ ನೋಡುತ್ತಾ, ಎರಡೂ ಕೈ ಎತ್ತಬಲ್ಲವರ ಆಟ. ದಸರಾ ಸಮಯದಲ್ಲಿ ಒಂದು ಹಾಲ್ ಸಿಗುವ ಹಾಗಿದೆ. ಅಷ್ಟರಲ್ಲಿ ಕಣ್ಣು ಕಾಣದವರು, ಕಿವಿ ಕೇಳದವರು, ವೀಲ್‌ಚೇರ್‌ನಲ್ಲಿ ಬರುವವರು, ವಯಸ್ಸಾದವರು ಎಲ್ಲರೂ ಆಡುವ ಹಾಗೆ ಮಾಡಬೇಕು. ಕೈಯಲ್ಲಿ ದುಡ್ಡು ಕಮ್ಮಿ. ಎಲ್ಲಿಂದ ಶುರು ಮಾಡೋಣ?

ಸೋಲ್ಡರಿಂಗ್ ಸೀನ

ಕ್ಯಾಮೆರಾ ಒಂದನ್ನೇ ನಂಬಬೇಡಿ. ಇದು ಮೊದಲನೇ ಕೆಲಸ. ಕೀಬೋರ್ಡಿನ ನಾಲ್ಕು ಬಾಣದ ಕೀಲಿ, ಒಂದು ಸ್ಪೇಸ್‌ಬಾರ್, ಇಷ್ಟರಲ್ಲೇ ಗೊಂಬೆ ಪೂರ್ತಿ ಕುಣಿಯುವ ಹಾಗೆ ಪ್ರೋಗ್ರಾಂ ಬರೆಯಿರಿ. ಅಷ್ಟಾದರೆ ಕೀಬೋರ್ಡ್ ಥರ ನಟಿಸುವ ಯಾವ ವಸ್ತುವನ್ನು ಬೇಕಾದರೂ ಸಿಕ್ಕಿಸಬಹುದು. ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡ್ ತೆಗೆದುಕೊಳ್ಳಿ, ಅವುಗಳ ಚಿಪ್ ನೇರವಾಗಿ ಕೀಬೋರ್ಡ್ ಆಗುತ್ತದೆ. ಹಳೇ ಊನೊ ಬೋರ್ಡ್ ಹಾಗೆ ಸುಲಭಕ್ಕೆ ಆಗೋದಿಲ್ಲ, ಸುಮ್ನೆ ಅದನ್ನು ತಂದು ಒದ್ದಾಡಬೇಡಿ.

ಇನ್ನೊಂದು. ಕೈಕಾಲು ಸ್ವಾಧೀನ ಇಲ್ಲದವರು ಬಳಸುವ ದಪ್ಪ ಗುಂಡಿಗಳಿರುತ್ತವಲ್ಲ, ಅವುಗಳ ತುದಿಯಲ್ಲಿ 3.5 ಮಿ.ಮೀ. ಪಿನ್ ಇರುತ್ತದೆ, ಹಳೇ ಇಯರ್‌ಫೋನಿನದೇ ಅಳತೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ಗೆ ಅಂಥ 19 ತೂತುಗಳಿವೆ. ನಿಮ್ಮ ಡಬ್ಬಿಗೆ ನಾಲ್ಕೈದು ಸಾಕು. ಯಾರಾದರೂ ತಮ್ಮದೇ ಗುಂಡಿ ತಂದರೆ ಸಿಕ್ಕಿಸಿ ಆಡಲಿ.

ಗುಂಡಿ ನೀವೇ ಮಾಡಬಹುದು. ಎರಡು ರಟ್ಟು, ಒಳಗಡೆ ಮೈಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ನಡುವೆ ತೂತು ಕೊರೆದ ತೆಳು ಫೋಮ್. ಒತ್ತಿದರೆ ತೂತಿನೊಳಗೆ ಫಾಯಿಲ್‌ಗೆ ಫಾಯಿಲ್ ತಾಗುತ್ತದೆ, ಬಿಟ್ಟರೆ ಬಿಡುತ್ತದೆ. ಫೋಮ್ ದಪ್ಪ ಆದಷ್ಟೂ ಒತ್ತೋದು ಕಷ್ಟ. ಶಕ್ತಿ ಕಮ್ಮಿ ಇರುವವರಿಗೆ ತೆಳುವಾದದ್ದೇ ಹಾಕಿ. ಹಳೇ ಇಯರ್‌ಫೋನ್ ವೈರ್ ಬಳಸುವುದಾದರೆ ಎಳೆಗಳ ಮೇಲೆ ಬಣ್ಣದ ಲೇಪನ ಇರುತ್ತದೆ. ಅದನ್ನು ಸುಡದೆ ಬೆಸುಗೆ ಹಿಡಿಯೋದಿಲ್ಲ.

ಬಿಳಿಕೋಲು

ನಾನು ಹುಟ್ಟಿನಿಂದ ಕಣ್ಣು ಕಾಣದವನು. ನೀವು ಬರೆದದ್ದನ್ನೆಲ್ಲ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ತಂತ್ರಾಂಶ ಓದಿ ಹೇಳುತ್ತಿದೆ. ಸೀನ ಅವರು ಗುಂಡಿ ಹೇಳಿಕೊಟ್ಟರು, ಒಳ್ಳೆಯದೇ. ಆದರೆ ನಾನು ಗುಂಡಿ ಒತ್ತಿದರೆ ನನಗೆ ಏನು ಸಿಗುತ್ತದೆ?

ಹಿಂದೆ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಎಲ್ಲಿ ಅನ್ನೋದು ಬೇಡ. ಕೈ ಹಿಡಿದು ಒಂದು ಮೂಲೆಯಲ್ಲಿ ಕೂರಿಸಿದರು, ಹೆಡ್‌ಫೋನ್ ಹಾಕಿದರು, "ಇದು ನಿಮಗೋಸ್ಕರವೇ ಸಾರ್" ಅಂದರು. ಒಳಗೆ ಯಾರೋ ಪರದೆ ಮೇಲೆ ಏನಿದೆ ಅಂತ ಓದುತ್ತಿದ್ದರು. ಆಚೆ ಕಡೆ ಎಲ್ಲರೂ ಕುಣಿದು ನಗುತ್ತಿದ್ದರು. ಆಡೋದು ಅವರಿಗೆ, ವರದಿ ಕೇಳೋದು ನನಗೆ. ಅರ್ಧಕ್ಕೇ ಹೆಡ್‌ಫೋನ್ ತೆಗೆದಿಟ್ಟು ಬಂದೆ.

ನನಗೆ ಬೇಕಾದದ್ದು ವಿವರಣೆ ಅಲ್ಲ, ಆಟ. ನನ್ನ ಕೈ ಎಡಕ್ಕೆ ಹೋದರೆ ಗೆಜ್ಜೆ ಶಬ್ದ ಎಡಗಡೆ ಸ್ಪೀಕರ್‌ನಲ್ಲಿ ಬರಲಿ. ಮೇಲೆತ್ತಿದರೆ ಶ್ರುತಿ ಏರಲಿ. ಎರಡು ಗೊಂಬೆ ತಾಗಿದರೆ ಚಪ್ಪಾಳೆಯೋ ತಾಳವೋ ಬಡಿಯಲಿ. ಆಗ ನಾನು ಗೊಂಬೆಯನ್ನು ಕಿವಿಯಿಂದಲೇ ಕುಣಿಸುತ್ತೇನೆ. ಪಕ್ಕದವರಿಗೂ ಅದೇ ಶಬ್ದ ಕೇಳಲಿ, ಅವರಿಗೂ ಮಜಾ ಅಲ್ವಾ?

ಅದಕ್ಕೂ ಮುಂಚೆ ಗೊಂಬೆ ಒಮ್ಮೆ ಕೈಗೆ ಸಿಗಬೇಕು. ಫೋಟೊ ಅಂಟಿಸಿದ ರಟ್ಟು ಬೇಡ, ತೊಗಲಿನದೇ ಬೇಕು. ಒಡವೆ, ಕಿರೀಟ, ಸೀರೆ ಅಂಚು ಎಲ್ಲವನ್ನೂ ತೂತು ಹೊಡೆದೇ ಬಿಡಿಸಿರುತ್ತಾರೆ. ಆ ತೂತುಗಳ ಸಾಲು ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಇನ್ನು ಎಲ್ಲಿ ನಿಂತರೆ ಕ್ಯಾಮೆರಾಗೆ ಸಿಗುತ್ತೇನೆ ಅನ್ನೋದು. ಆ ಜಾಗಕ್ಕೆ ಒಂದು ತೆಂಗಿನ ನಾರಿನ ಮ್ಯಾಟ್ ಹಾಕಿ. ಕಾಲಿಗೆ ಸಿಕ್ಕಿದರೆ ಸಾಕು, ಯಾರೂ ನನ್ನ ಭುಜ ಹಿಡಿದು ತಿರುಗಿಸಬೇಕಾಗಿಲ್ಲ.

ಖಾಲಿ ಗೋಡೆ

ಬಯ್ಯಬೇಡಿ, ಮನಸ್ಸಿನಲ್ಲಿರೋದನ್ನು ಹೇಳುತ್ತೇನೆ. ನಾನು ಚಿತ್ರ ಬರೆಯುವವನು. ಚಿತ್ರ ಕಣ್ಣಿಗೆ, ಸಂಗೀತ ಕಿವಿಗೆ. ನೆರಳು ಅಂದ್ರೆ ಕಣ್ಣಿನದೇ ವಿಷಯ. ಅದಕ್ಕೆ ಗೆಜ್ಜೆ ಕಟ್ಟಿ, ಮಾತು ಸೇರಿಸಿ, ಗುಂಡಿ ಇಟ್ಟು, ಎಲ್ಲರಿಗೂ ಆಗಲಿ ಅಂತ ಹೊರಟರೆ ಕೊನೆಗೆ ಉಳಿಯೋದು ಸೈನ್ಸ್ ಎಕ್ಸಿಬಿಷನ್. ಕತ್ತಲು, ಮೌನ, ಒಂದು ದೀಪ, ಅದರಲ್ಲೇ ಒಂದು ಶಕ್ತಿ ಇದೆ. ಅದನ್ನು ಯಾಕೆ ಕೆಡಿಸಬೇಕು?

ಮದ್ದೂರು ಮೇಷ್ಟ್ರು

ಮೌನವಾ? ನೀವು ತೊಗಲುಗೊಂಬೆ ಆಟಕ್ಕೆ ಕೂತೇ ಇಲ್ಲ ಅಂತ ಕಾಣುತ್ತೆ ಸ್ವಾಮಿ!

ನಮ್ಮ ಕಡೆ ಆಟ ಅಂದ್ರೆ ಅರ್ಧ ಪರದೆ, ಅರ್ಧ ಗಂಟಲು. ಭಾಗವತರ ಹಾಡು, ಮದ್ದಳೆ, ತಾಳ, ಹಾರ್ಮೋನಿಯಂ. ಯುದ್ಧ ಬಂತು ಅಂದ್ರೆ ಮದ್ದಳೆ ಕೇಳಿದರೇ ಗೊತ್ತಾಗುತ್ತದೆ. ಹಾಸ್ಯದ ಗೊಂಬೆ ಕಿಳ್ಳೇಕ್ಯಾತ ಬಂದು ಬಂಗಾರಕ್ಕನ ಹತ್ತಿರ ಜಗಳ ತೆಗೆದರೆ ನಗೋದಕ್ಕೆ ಕಣ್ಣೇ ಬೇಕಾಗಿಲ್ಲ. ನಮ್ಮಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಬೆಳಗಿನ ಜಾವದವರೆಗೆ ಕೂರೋರು. ಯಾರ ಗೊಂಬೆ ಬಂತು ಅಂತ ನಮಗಿಂತ ಮೊದಲು ಅವರೇ ಹೇಳೋರು. ಆಟ ಕಟ್ಟಿದವರು ಕಣ್ಣಿಗೂ ಕಿವಿಗೂ ಸೇರಿಸಿಯೇ ಕಟ್ಟಿದ್ದರು. ಕಂಪ್ಯೂಟರಿಗೆ ಹಾಕುವಾಗ ನೆರಳನ್ನು ಮಾತ್ರ ಕಿತ್ತುಕೊಂಡು, ಹಾಡನ್ನು ಬಿಟ್ಟುಬಂದಿದ್ದೀರಿ. ಬಿಳಿಕೋಲು ಕೇಳ್ತಿರೋದು ಹೊಸದೇನೂ ಅಲ್ಲ.

ಸರ್ಕಾರದ ಕಾಯ್ದೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ ಇರೋದೇ ಸಂಸ್ಕೃತಿ, ಮನರಂಜನೆ ಬಗ್ಗೆ. ಕಲೆ ಎಲ್ಲರಿಗೂ ಸಿಗುವ ಹಾಗೆ ಮಾಡೋದು, ಅದಕ್ಕೆ ತಂತ್ರಜ್ಞಾನ ಬಳಸೋದು ಎರಡೂ ಅದರಲ್ಲಿವೆ.

ಚಿನ್ನಿಯಮ್ಮ

ಮೇಷ್ಟ್ರೇ, ಸರಿಯಾಗಿ ಹೇಳಿದ್ರಿ. ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. ವೀಲ್‌ಚೇರ್‌ನಲ್ಲೇ ಓಡಾಟ. ಕೈ ಎತ್ತುತ್ತಾನೆ, ಆದರೆ ನಡುಗುತ್ತದೆ, ನಿಧಾನ. ಇಂಥ ಕ್ಯಾಮೆರಾ ಆಟ ಒಂದು ಕಡೆ ಆಡಿಸಿದ್ದೆ. ಮೂರು ತೊಂದರೆ ಆಯಿತು.

ಅವನು ಕೂತಿದ್ದರಿಂದ ಕ್ಯಾಮೆರಾಗೆ ತಲೆ ಮಾತ್ರ ಕಾಣುತ್ತಿತ್ತು. ಕೈ ನಡುಗಿದಂತೆಲ್ಲ ಪರದೆ ಮೇಲಿನದು ಹುಚ್ಚು ಹಿಡಿದ ಹಾಗೆ ಅದುರುತ್ತಿತ್ತು. ಮಗು ಅದನ್ನು ನೋಡಿ ಕೈ ಕೆಳಗಿಟ್ಟುಬಿಟ್ಟ. ಕೊನೆಗೆ ನಾನು ಅವನ ಮೊಣಕೈಗೆ ಆಸರೆ ಕೊಟ್ಟೆ. ಕ್ಯಾಮೆರಾ ಅವನ ಕೈ ಬಿಟ್ಟು ನನ್ನ ಕೈ ಹಿಡಿದುಕೊಂಡಿತು! ಆಡಿದ್ದು ನಾನು, ಅವನಲ್ಲ. ಹಿಂದೆ ಸಾಲಿನಲ್ಲಿದ್ದವರು "ಬೇಗ ಬೇಗ" ಅನ್ನುತ್ತಿದ್ದರು.

ಇದನ್ನು ಸರಿ ಮಾಡೋಕಾಗುತ್ತಾ?

ಸೋಲ್ಡರಿಂಗ್ ಸೀನ

ಆಗುತ್ತೆ ಅಕ್ಕ. ಇದು ಹಳೇ ಕಾಯಿಲೆ. 2010ರಲ್ಲಿ ಮೈ ಚಲನೆ ಹಿಡಿಯುವ ಮೈಕ್ರೋಸಾಫ್ಟ್ ಕ್ಯಾಮೆರಾ ಕೈನೆಕ್ಟ್ ಬಂದಾಗಲೂ ಅದರ ಲೆಕ್ಕದಲ್ಲಿ ಮನುಷ್ಯ ಅಂದ್ರೆ ನಿಂತವನು. ಕೂತವರ ಸೊಂಟದ ಮೇಲಿನ 10 ಕೀಲುಗಳನ್ನಷ್ಟೇ ನೋಡುವ ಏರ್ಪಾಟು ಮಾಡಿದ್ದು 2012ರಲ್ಲಿ. ಕೂತವರ ನೆನಪಾಗೋಕೆ ಅಷ್ಟು ಹೊತ್ತು ಬೇಕಾಯಿತು.

ಕೈ ನಡುಕಕ್ಕೆ ಒನ್ ಯೂರೊ ಫಿಲ್ಟರ್ ಅಂತ ಇದೆ, ನೆರಳಾಟದವರು ಹುಡುಕಿ ನೋಡಿ. ಕೈ ನಿಧಾನಕ್ಕೆ ಹೋಗುವಾಗ ಅದುರಾಟವನ್ನು ಜಾಸ್ತಿ ಅಳಿಸುತ್ತದೆ. ಜೋರಾಗಿ ಬೀಸಿದರೆ ಕಮ್ಮಿ ಅಳಿಸುತ್ತದೆ, ಹಾಗಾಗಿ ಗೊಂಬೆ ಹಿಂದೆ ಬೀಳೋದಿಲ್ಲ. ಕೋಡ್ ಒಂದು ಪುಟವೂ ಇಲ್ಲ. ಎಷ್ಟು ಅಳಿಸಬೇಕು ಅನ್ನೋದಕ್ಕೆ ಒಂದು ತಿರುಗಿಸುವ ನಾಬ್ ಹೊರಗಡೆಯೇ ಇಡಿ. ಮಗುವಿಗೆ ತಕ್ಕ ಹಾಗೆ ಅಮ್ಮನೇ ತಿರುಗಿಸಿಕೊಳ್ಳಲಿ.

ನಿಮ್ಮ ಕೈ ಹಿಡಿದುಕೊಂಡದ್ದಕ್ಕೆ ಉಪಾಯ ಬಣ್ಣದ ಪಟ್ಟಿ. ಮಗುವಿನ ಮಣಿಕಟ್ಟಿಗೆ ಗಾಢ ಹಸಿರು ರಿಬ್ಬನ್ ಕಟ್ಟಿ, ಅದಿರುವ ಕೈಯನ್ನೇ ನೋಡು ಅಂತ ಪ್ರೋಗ್ರಾಂಗೆ ಹೇಳಬಹುದು. ಕೈಯೇ ಆಗದಿದ್ದರೆ ಮುಖದ ಚಲನೆ. ಮೀಡಿಯಾಪೈಪ್ ಮುಖವನ್ನೂ ಹಿಡಿಯುತ್ತದೆ, ತಲೆ ಓಲಾಡಿಸಿದರೆ ಗೊಂಬೆ ಓಲಾಡಲಿ.

ಈ ಮಾತಿಗೆ ಒಂದು ಉದಾಹರಣೆ. ಲಾಸ್ ಏಂಜಲೀಸ್‌ನ ಟೋನಿ ಕ್ವಾನ್ ಗೋಡೆ ಮೇಲೆ ಗ್ರಾಫಿಟಿ ಬರೆಯುತ್ತಿದ್ದ ಕಲಾವಿದ. ಎಎಲ್‌ಎಸ್ ಕಾಯಿಲೆ ಬಂದು ಮೈ ಪೂರ್ತಿ ನಿಂತುಹೋಯಿತು, ಕಣ್ಣು ಮಾತ್ರ ಆಡುತ್ತಿತ್ತು. 2009ರಲ್ಲಿ ಕೆಲವು ಕಲಾವಿದರು, ಪ್ರೋಗ್ರಾಮರ್‌ಗಳು ಸೇರಿ ಅಗ್ಗದ ಕನ್ನಡಕದ ಫ್ರೇಮಿಗೆ ಪ್ಲೇಸ್ಟೇಷನ್ನಿನ ಕ್ಯಾಮೆರಾ ಕಟ್ಟಿ ಐರೈಟರ್ ಅಂತ ಮಾಡಿದರು. ಆತ ಹಾಸಿಗೆ ಮೇಲಿಂದ ಕಣ್ಣಲ್ಲಿ ಬರೆದದ್ದು ಊರಿನ ಕಟ್ಟಡದ ಮೇಲೆ ಬೆಳಕಾಗಿ ಮೂಡಿತು. ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಖಾಲಿ ಗೋಡೆ ಅವರೇ, ಅದು ಸೈನ್ಸ್ ಎಕ್ಸಿಬಿಷನ್ ಅನ್ನಿಸುತ್ತಾ?

ಖಾಲಿ ಗೋಡೆ

ಅದು ಬೇರೆ. ಅಲ್ಲಿ ಆತನೇ ಕಲಾವಿದ.

ಬಿಳಿಕೋಲು

ನಾವೂ ಅದನ್ನೇ ಹೇಳ್ತಿರೋದು.

ಸುಮ್ನೆ ಓದ್ತೀನಿ

ಒಂದೇ ಪ್ರಶ್ನೆ. ಯುದ್ಧದ ದೃಶ್ಯದಲ್ಲಿ ಮಿಂಚು ಗಿಂಚು ಹಾಕಿದ್ದೀರಾ? ನನಗೆ ಫಿಟ್ಸ್ ಇದೆ. ವೆಬ್ ಪುಟಗಳಿಗೆ ಇರುವ ನಿಯಮದಲ್ಲಿ ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಬೆಳಕು ಮಿಣುಕಬಾರದು ಅಂತಿದೆ. ಗೋಡೆಯಷ್ಟು ದೊಡ್ಡ ಪರದೆ, ಕತ್ತಲ ಕೋಣೆ ಅಂದ್ರೆ ಇನ್ನೂ ಹುಷಾರಾಗಿರಬೇಕು. 1997ರಲ್ಲಿ ಜಪಾನಿನಲ್ಲಿ ಪೋಕಿಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಜೋರಾಗಿ ಮಿಣುಕಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಎಚ್ಚರಿಕೆ ಬೋರ್ಡ್ ಹಾಕೋದಾದರೆ ಬಾಗಿಲಿನ ಹೊರಗೆ ಹಾಕಿ. ಒಳಗೆ ಬಂದಮೇಲೆ ಓದಿ ಏನು ಮಾಡಲಿ?

ನೆರಳಾಟ, ಮೈಸೂರು

ಮಿಂಚು ಇದೆ, ಬಾಣ ತಾಗಿದಾಗ ಪರದೆ ಬೆಳಗುತ್ತದೆ. ಮಿಣುಕೋದು ತೆಗೆದು, ನಿಧಾನಕ್ಕೆ ಬೆಳಕು ಏರಿ ಇಳಿಯುವ ಹಾಗೆ ಮಾಡುತ್ತೇವೆ. ಥ್ಯಾಂಕ್ಸ್. ಕಿವಿ ಕೇಳದವರ ವಿಷಯ ಯಾರಾದರೂ ಹೇಳುತ್ತೀರಾ? ಹಾಡಿಗೆ ಕನ್ನಡ ಸಬ್‌ಟೈಟಲ್ ಹಾಕಿದರೆ ಸಾಕಾಗುತ್ತಾ?

ಗಂಗೋತ್ರಿ ಗಾಳಿ

ಸಾಕಾಗೋದಿಲ್ಲ. ನಾನು ಮಾನಸಗಂಗೋತ್ರಿಯಲ್ಲಿ ಆಡಿಯಾಲಜಿ ಓದುತ್ತಿದ್ದೇನೆ. ವಾಕ್ ಶ್ರವಣ ಸಂಸ್ಥೆ ಇರೋದು ನಮ್ಮ ಊರಿನಲ್ಲೇ, 1965ರಿಂದ. ಹಾಗಿದ್ದೂ ಇಲ್ಲಿನ ಕಾರ್ಯಕ್ರಮಗಳಲ್ಲಿ ಸಂಜ್ಞೆ ಭಾಷೆ ಕಾಣೋದು ಅಪರೂಪ. ಇರಲಿ.

ಕಿವಿ ಕೇಳದವರು ಅಂದ್ರೆ ಎಲ್ಲರೂ ಒಂದೇ ಥರ ಅಲ್ಲ. ವಯಸ್ಸಾದ ಮೇಲೆ ಕಿವಿ ಮಂದವಾದವರಿಗೆ ಕನ್ನಡ ಅಕ್ಷರ ದೊಡ್ಡದಾಗಿ ಬಂದರೆ ಖುಷಿ. ಹುಟ್ಟಿನಿಂದಲೇ ಕೇಳಿಸದ ಎಷ್ಟೋ ಜನರಿಗೆ ಮೊದಲ ಭಾಷೆ ಸಂಜ್ಞೆಯೇ. ಕನ್ನಡ ಓದೋದು ಅವರಿಗೆ ಎರಡನೇ ಭಾಷೆ ಓದಿದ ಹಾಗೆ. ಓಡುವ ಅಕ್ಷರ ಹಿಡಿಯೋದರೊಳಗೆ ಗೊಂಬೆ ಹೊರಟುಹೋಗಿರುತ್ತದೆ. ದೆಹಲಿಯ ಭಾರತೀಯ ಸಂಜ್ಞೆ ಭಾಷಾ ಸಂಸ್ಥೆಯ ನಿಘಂಟಿನಲ್ಲಿ 2018ರಲ್ಲಿ 3,000 ಪದಗಳಿದ್ದವು, 2021ರ ಹೊತ್ತಿಗೆ 10,000. ಆನ್‌ಲೈನ್‌ನಲ್ಲಿ ವಿಡಿಯೊ ಸಿಗುತ್ತವೆ. ಆದರೆ ನಿಘಂಟು ನೋಡಿಕೊಂಡು ನೀವೇ ಕೈಸನ್ನೆ ಮಾಡೋಕೆ ಹೋಗಬೇಡಿ. ಸಂಜ್ಞೆ ಭಾಷೆಯನ್ನೇ ಆಡುವ ಒಬ್ಬರನ್ನು ಕರೆಸಿ, ಕಥೆ ಹೇಳಿಸಿ, ವಿಡಿಯೊ ಮಾಡಿ.

ಇಲ್ಲಿ ಒಂದು ತಮಾಷೆಯ ತೊಡಕಿದೆ. ನೆರಳಾಟಕ್ಕೆ ಕತ್ತಲು ಬೇಕು. ಸಂಜ್ಞೆಗೆ ಬೆಳಕು ಬೇಕು, ಕೈ ಜೊತೆ ಮುಖವೂ ಕಾಣಬೇಕು. ಪರದೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ದೀಪ ಹಾಕಿದರೆ ನೆರಳು ತೆಳುವಾಗುತ್ತದೆ. ರಂಗಾಯಣದಂಥ ಕಡೆ ಬೆಳಕಿನ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಒಂದು ಸಣ್ಣ ಸ್ಪಾಟ್ ಲೈಟಿಗೆ ಕಪ್ಪು ರಟ್ಟಿನ ಮರೆ ಕಟ್ಟಿಕೊಡುತ್ತಾರೆ. ಇಲ್ಲದಿದ್ದರೆ ಸಂಜ್ಞೆ ಆಡುವವರನ್ನೇ ಪರದೆಯೊಳಗೆ ತನ್ನಿ. ಭಾಗವತರ ಜಾಗದಲ್ಲಿ ಅವರಿರಲಿ.

ಮದ್ದಳೆಯನ್ನು ಮೈಗೆ ಮುಟ್ಟಿಸಬಹುದು. ಅಂಗೈ, ಬೆರಳಿನ ಚರ್ಮಕ್ಕೆ 250 ಹರ್ಟ್ಜ್ ಆಸುಪಾಸಿನ ಅದುರು ಚೆನ್ನಾಗಿ ತಿಳಿಯುತ್ತದೆ. ಸಾವಿರ ದಾಟಿದರೆ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾಗಿ ಮದ್ದಳೆಯ ದಪ್ಪ ನಾದ ಸಿಗುತ್ತದೆ, ತಾಳದ ಕಿಣಿಕಿಣಿ ಸಿಗೋದಿಲ್ಲ. ಒಂದು ಪ್ಲೈವುಡ್ ಹಲಗೆಯ ಕೆಳಗೆ ವೈಬ್ರೇಷನ್ ಸ್ಪೀಕರ್ ತಿರುಪಿನಿಂದ ಬಿಗಿದು, ಹಲಗೆ ಮೇಲೆ ನಿಲ್ಲಿಸಿ ಅಥವಾ ಕೂರಿಸಿ. ದುಡ್ಡಿಲ್ಲವೇ? ಒಂದು ಬಲೂನ್ ಊದಿ ಕೈಗೆ ಕೊಡಿ. ದೊಡ್ಡ ಸ್ಪೀಕರ್ ಎದುರು ಅದು ಮದ್ದಳೆಗೆ ತಕ್ಕ ಹಾಗೆ ಅದುರೋದು ಅಂಗೈಗೆ ಗೊತ್ತಾಗುತ್ತದೆ.

ಚಿನ್ನಿಯಮ್ಮ

ಹಲಗೆ ಎಷ್ಟು ಎತ್ತರ ಬರುತ್ತೆ ಅಂತ ನೋಡಿಕೊಳ್ಳಿ. ಒಂದು ಇಂಚು ಮೆಟ್ಟಿಲಾದರೂ ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಳ್ಳುತ್ತದೆ. ಇಳಿಜಾರು ಮಾಡಿ. ಒಂದಕ್ಕೆ ಹನ್ನೆರಡು ಅನ್ನೋದು ಲೆಕ್ಕ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಹಾಲ್‌ನವರು ರ‍್ಯಾಂಪ್ ಇದೆ ಅಂದರೆ ನಂಬಬೇಡಿ, ಹೋಗಿ ಟೇಪ್ ಹಿಡಿದು ಅಳೆಯಿರಿ. ನಾನು ನೋಡಿದ ಎಷ್ಟೋ ರ‍್ಯಾಂಪ್‌ಗಳು ಬೈಕ್ ಹತ್ತಿಸೋಕೆ ಮಾಡಿದ್ದು. ಟಾಯ್ಲೆಟ್ ಬಾಗಿಲೂ ಅಳೆಯಿರಿ. ಅದು ಸರಿ ಇಲ್ಲದಿದ್ದರೆ ಎಷ್ಟು ಚೆಂದದ ಗೊಂಬೆ ಇದ್ದರೂ ನಾವು ಅರ್ಧ ಗಂಟೆಗೆ ಮನೆಗೆ.

ಮದ್ದೂರು ಮೇಷ್ಟ್ರು

ನನ್ನದೂ ಒಂದಷ್ಟು. ನಮ್ಮ ಶಾಲೆ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಬರುತ್ತಿರುತ್ತೇನೆ. ಅರಮನೆ, ಜಗನ್ಮೋಹನ ಅರಮನೆ, ಮ್ಯೂಸಿಯಂ, ಎಲ್ಲಿ ಹೋದರೂ ಮೊದಲು ಕಲಿಯೋದು "ಮುಟ್ಟಬೇಡಿ". ಜಗನ್ಮೋಹನದಲ್ಲಿ ಗಂಟೆಗೊಮ್ಮೆ ಪುಟ್ಟ ಸೈನಿಕರು ಸಾಲಾಗಿ ಬರುವ ಫ್ರೆಂಚ್ ಗಡಿಯಾರ ಇದೆಯಲ್ಲ, ಮಕ್ಕಳು ಅದರ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಇಂಥವರು ನಿಮ್ಮ ಹಾಲ್‌ಗೆ ಬಂದರೆ ಗುಂಡಿ ಎದುರಿಗಿದ್ದರೂ ಒತ್ತೋದಿಲ್ಲ. ಬೋರ್ಡ್ ಹಾಕಿದರೂ ಒತ್ತೋದಿಲ್ಲ. ಒಬ್ಬರು ಮುಂದೆ ನಿಂತು ಆಡಿ ತೋರಿಸಬೇಕು, ಅದೂ ಅವರ ವಯಸ್ಸಿನವರೇ ಆದರೆ ಒಳ್ಳೆಯದು.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೇ ಆಟ ಶುರು ಅನ್ನೋ ಥರ ಇಡಬೇಡಿ. ಕೀಪ್ಯಾಡ್ ಫೋನ್ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಬೇಕಾದಷ್ಟು ಜನ ಇದ್ದಾರೆ. ಆಟದ ಹೊತ್ತೂ ಅಷ್ಟೇ. ಪ್ರದರ್ಶನ ಅಂದ್ರೆ ಸಂಜೆ ಏಳಕ್ಕೆ ಶುರು ಅಂತ ಯಾರು ಬರೆದಿಟ್ಟಿದ್ದಾರೋ! ನಮ್ಮೂರಿನ ಬಸ್ ಹೊರಡೋದು ಆ ಹೊತ್ತಿಗೇ. ಹಾಲ್ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದರೆ ಹಗಲಲ್ಲೂ ನೆರಳು ಬೀಳುತ್ತೆ ಅಲ್ವಾ?

ಸೋಲ್ಡರಿಂಗ್ ಸೀನ

ಮೇಷ್ಟ್ರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಕೆಲವರು ಮೇಕಿ ಮೇಕಿ ಅನ್ನೋ ಬೋರ್ಡ್ ಹಾಕಿ ಬಾಳೆಹಣ್ಣು, ಹೂವು ಮುಟ್ಟಿದರೆ ಶಬ್ದ ಬರೋ ಥರ ಮಾಡುತ್ತಾರೆ. ಚೆನ್ನಾಗಿರುತ್ತೆ. ಆದರೆ ಅದು ನಮ್ಮ ಚರ್ಮದ ಮೂಲಕ ಕರೆಂಟ್ ಹರಿದರೆ ಮಾತ್ರ ಕೆಲಸ ಮಾಡೋದು. ಹೆದರಬೇಡಿ, ಗೊತ್ತೇ ಆಗದಷ್ಟು ಸಣ್ಣ ಕರೆಂಟ್. ಹೊಲದಲ್ಲಿ ದುಡಿದು ಅಂಗೈ ಒಣಗಿ ಬಿರುಕು ಬಿಟ್ಟವರು ಮುಟ್ಟಿದರೆ ಕೆಲವು ಸಲ ಅದು ಕೇಳಿಸಿಕೊಳ್ಳೋದೇ ಇಲ್ಲ. ಕೃತಕ ಕೈ ಇದ್ದವರಿಗಂತೂ ಆಗೋದಿಲ್ಲ. ಪಕ್ಕದಲ್ಲಿ ಒದ್ದೆ ಬಟ್ಟೆ ಇಡಿ, ಜೊತೆಗೆ ಒಂದು ಸಾದಾ ಒತ್ತುವ ಗುಂಡಿಯೂ ಇರಲಿ.

ಖಾಲಿ ಗೋಡೆ

ಎಲ್ಲ ಓದಿದೆ. ಎಲ್ಲರಿಗೂ ಜೋರಾಗಿ ಕೇಳುವಂಥ ವಿವರಣೆ ಬೇಡ ಅನ್ನೋದು ಈಗಲೂ ನನ್ನ ಮಾತು. ಗೊಂಬೆ ಕೈ ಎತ್ತಿತು, ಗೊಂಬೆ ತಲೆ ಆಡಿಸಿತು ಅಂತ ಸ್ಪೀಕರ್‌ನಲ್ಲಿ ಬಂದರೆ ನಾನು ಎದ್ದು ಹೋಗುತ್ತೇನೆ. ಗೆಜ್ಜೆ, ಮದ್ದಳೆ ಬೇರೆ. ಅದಕ್ಕೆ ಒಪ್ಪಿಗೆ ಇದೆ.

ಮುಟ್ಟೋ ಕೆಲಸ ನಾನು ಮಾಡಿಕೊಡಬಲ್ಲೆ. ಮೈಸೂರು ಚಿತ್ರದಲ್ಲಿ ಒಡವೆ, ಕಂಬ, ಪ್ರಭಾವಳಿಗಳನ್ನು ಗೆಸ್ಸೊ ಅನ್ನೋ ಅಂಟು ಬೆರೆಸಿದ ಲೇಪದಿಂದ ಸ್ವಲ್ಪ ಉಬ್ಬಿಸಿ ಮೇಲೆ ಚಿನ್ನದ ರೇಕು ಅಂಟಿಸುತ್ತೇವೆ. ಅದೇ ಕ್ರಮದಲ್ಲಿ ಪ್ರತಿ ದೃಶ್ಯಕ್ಕೂ ಒಂದು ಹಲಗೆ ಮಾಡುತ್ತೇನೆ. ಯಾವ ಗೊಂಬೆ ಎಲ್ಲಿ ನಿಂತಿದೆ ಅಂತ ಬೆರಳಿಗೆ ಸಿಗಲಿ. ಚಿತ್ರದಲ್ಲಿ ಇರುವಷ್ಟು ತೆಳುವಾಗಿ ಉಬ್ಬಿಸಿದರೆ ಸಾಲದು ಅನ್ನಿಸುತ್ತದೆ, ಜಾಸ್ತಿ ದಪ್ಪ ಮಾಡಬೇಕು. ಹಳೇ ಪದ್ಧತಿಯಲ್ಲಿ ಲೇಪಕ್ಕೆ ಹಾಕುವ ಸಫೇದ ಅನ್ನೋ ಬಿಳಿ ಪುಡಿ ಸೀಸದ್ದು, ವಿಷ. ಜನ ಮುಟ್ಟುವಂಥದ್ದಕ್ಕೆ ಬೇಡ. ಚಾಕ್ ಪುಡಿ, ಫೆವಿಕಾಲ್ ಸಾಕು. ಚಿನ್ನದ ರೇಕು ಇರೋದಿಲ್ಲ, ನಾಲ್ಕು ದಿನ ಕೈ ಉಜ್ಜಿದರೆ ಹೋಗುತ್ತದೆ.

ಬಿಳಿಕೋಲು ಅವರೇ, ಒಂದು ಮಾದರಿ ಮಾಡಿದ ಮೇಲೆ ನೋಡಿ ಹೇಳುತ್ತೀರಾ?

ಬಿಳಿಕೋಲು

ನೋಡಿ ಹೇಳುತ್ತೇನೆ. ಆ ಮಾತು ಬಳಸಿದ್ದಕ್ಕೆ ಸಂಕೋಚ ಬೇಡ, ನಾವೂ ಹಾಗೇ ಅನ್ನೋದು. ಒಂದು ಷರತ್ತು. ಇಂಥ ಕೆಲಸಕ್ಕೆ ನಮ್ಮನ್ನು ಕರೆಯೋರು ಚಹಾ, ಬಿಸ್ಕತ್ತು ಕೊಟ್ಟು ಫೋಟೊ ತೆಗೆದು ಕಳಿಸುತ್ತಾರೆ. ಪ್ರೊಜೆಕ್ಟರ್ ಬಾಡಿಗೆಗೆ ದುಡ್ಡು ಇರುತ್ತದೆ, ಪರೀಕ್ಷೆ ಮಾಡಿ ತಪ್ಪು ಹೇಳುವವರಿಗೆ ಇರೋದಿಲ್ಲ. ಆಟೊ ಖರ್ಚು, ಅರ್ಧ ದಿನದ ಕೂಲಿ ಮೊದಲೇ ಲೆಕ್ಕಕ್ಕೆ ಬರೆಯಿರಿ. ನನಗೊಬ್ಬನಿಗೇ ಅಲ್ಲ, ಚಿನ್ನಿಯಮ್ಮನ ಮಗನಿಗೂ, ಸಂಜ್ಞೆ ಭಾಷೆಯವರಿಗೂ. ಎಲ್ಲ ಮುಗಿದ ಮೇಲೆ ತೋರಿಸೋಕೆ ಕರೆದರೆ ನಾನು ಬರೋದಿಲ್ಲ. ಅರ್ಧ ಆಗಿರುವಾಗಲೇ ಕರೆಯಿರಿ, ಬದಲಾಯಿಸೋಕೆ ಆಗುವಾಗ.

ನೆರಳಾಟ, ಮೈಸೂರು

ಒಪ್ಪಿಗೆ. ಎರಡನೇ ಪ್ರೊಜೆಕ್ಟರ್ ಕೈಬಿಡುತ್ತೇವೆ, ಆ ದುಡ್ಡು ಇದಕ್ಕೆ. ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದು. ಒಂದು ತಾಸು ಶಬ್ದ ತಗ್ಗಿಸಿ, ಜನ ಕಮ್ಮಿ ಬಿಟ್ಟು ನಡೆಸೋಣ. ಗದ್ದಲ ತಡೆಯಲಾಗದ ಮಕ್ಕಳಿಗೆ ಆಗುತ್ತದೆ. ಕ್ಯಾಮೆರಾ ಎತ್ತರ ಇಳಿಸಿ ಏರಿಸುವ ಸ್ಟ್ಯಾಂಡ್ ಮೇಲೆ ಬರುತ್ತದೆ. ಸಾಲಿನಲ್ಲಿ ಟೈಮ್ ಮಿತಿ ಇರೋದಿಲ್ಲ. ಬದಲಿಗೆ ಟೋಕನ್, ಕುರ್ಚಿ.

ಬರಲಾಗದವರಿಗೆ ಆನ್‌ಲೈನ್‌ನಲ್ಲೂ ಬಿಡಬೇಕು ಅಂತಿದ್ದೇವೆ. ಅಲ್ಲಿ ಏನಾದರೂ ನೋಡಿಕೊಳ್ಳಬೇಕಾ?

ಬಿಳಿಕೋಲು

ಪಿ5ನಲ್ಲಿ ಬರೆದ ಚಿತ್ರ ನಮ್ಮ ಸ್ಕ್ರೀನ್ ರೀಡರಿಗೆ ಖಾಲಿ ಚೌಕ. ಅದರೊಳಗೆ ರಾಮನಿದ್ದಾನೋ ರಾವಣನಿದ್ದಾನೋ ಗೊತ್ತಾಗೋದಿಲ್ಲ. ಡಿಸ್ಕ್ರೈಬ್ ಅಂತ ಒಂದು ಫಂಕ್ಷನ್ ಪಿ5ನಲ್ಲೇ ಇದೆ. ಕನ್ನಡದಲ್ಲಿ ವಾಕ್ಯ ಕೊಟ್ಟರೆ ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ದೃಶ್ಯ ಬದಲಾದಾಗ ಮಾತ್ರ ವಾಕ್ಯ ಬದಲಾಯಿಸಿ, ಕೈ ಅಲ್ಲಾಡಿದಾಗಲೆಲ್ಲ ಅಲ್ಲ. ಇಲ್ಲದಿದ್ದರೆ ಅದು ಬಾಯಿ ಮುಚ್ಚೋದೇ ಇಲ್ಲ. ಪುಟದ ಭಾಷೆ ಕನ್ನಡ ಅಂತ ಕೋಡ್‌ನಲ್ಲಿ ಬರೆಯೋದು ಮರೆಯಬೇಡಿ. ಅದಿಲ್ಲದಿದ್ದರೆ ಇಂಗ್ಲಿಷ್ ದನಿಗೆ ಕನ್ನಡ ಅಕ್ಷರ ಕೊಟ್ಟು ಕೂತುಬಿಡುತ್ತದೆ.

ಗಂಗೋತ್ರಿ ಗಾಳಿ

ಸಂಜ್ಞೆ ಭಾಷೆಯವರ ಹತ್ತಿರ ನಾನು ಮಾತಾಡುತ್ತೇನೆ. ಬಲೂನು ಬಿಳಿಯದ್ದೇ ತನ್ನಿ, ಬೆಳಕು ಬಿದ್ದರೆ ಅದೂ ಪರದೆಯಾಗುತ್ತದೆ. ಸುಮ್ನೆ ಒಂದು ಆಸೆ.

ನೆರಳಾಟ, ಮೈಸೂರು

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಕೆಳಗಿನ ಶೆಡ್‌ನಲ್ಲಿ ಮೊದಲ ಪರೀಕ್ಷೆ. ಮೆಟ್ಟಿಲಿಲ್ಲ, ಬಾಗಿಲು ಅಳೆದಿದ್ದೇನೆ, ವೀಲ್‌ಚೇರ್ ಆರಾಮಾಗಿ ಬರುತ್ತದೆ. ವಿಳಾಸ ಬೇಕಾದವರು ಮೆಸೇಜ್ ಮಾಡಿ.

ಚಿನ್ನಿಯಮ್ಮ

ನಾವು ಬರುತ್ತೇವೆ. ಹಸಿರು ರಿಬ್ಬನ್ ನಾನೇ ತರುತ್ತೇನೆ. ಅವನಿಗೆ ಹನುಮಂತನ ಗೊಂಬೆಯೇ ಬೇಕಂತೆ.

ಸೋಲ್ಡರಿಂಗ್ ಸೀನ

ಗುಂಡಿ ಡಬ್ಬಿ ನನ್ನದು. ವೈರ್ ಎಲ್ಲ ಗೋಡೆ ಅಂಚಿನಲ್ಲೇ ಎಳೆಯಿರಿ, ನೆಲದ ನಡುವೆ ಒಂದೂ ಬೇಡ. ನಮ್ಮ ಏರಿಯಾದಲ್ಲಿ ಭಾನುವಾರವೇ ಕರೆಂಟ್ ತೆಗೆಯೋದು. ಯುಪಿಎಸ್ ಯಾರ ಹತ್ರ ಇದೆ?